ದುಂಡು ತಟ್ಟೆಯೊಳಗಿನ ದನಿ

ನವನಗರ, ಬಾಗಲಕೋಟೆ
೨೧ ಏಪ್ರಿಲ್ ೨೦೨೫

ಪ್ರೀತಿಯ ರಾಜಶ್ರೀ,

ಹೇಗಿದ್ದೀಯಾ? ಗಡಿಯಲ್ಲಿ ಕಾವಲು ನಿಂತು ಊದಿಕೊಂಡಿದ್ದ ಕಾಲಿನ ಬಾವು ಇಳಿಯಿತೇ? ತ್ರಿಪುರಾದಲ್ಲಿ ಆಗಲೇ ಮಳೆ ಹಿಡಿದಿದೆ ಎಂದು ನೀನು ಹೇಳುತ್ತಿರುವಾಗಲೇ ಫೋನು ಕಡಿದುಹೋಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಹತ್ತಲಿಲ್ಲ, ಅದಕ್ಕೇ ಈ ಕಾಗದ. ನಿನ್ನ ಮಗಳು ನೀಲಾ ಆರಾಮಾಗಿದ್ದಾಳೆ. ದವಡೆ ಹಲ್ಲು ಬಂದಿವೆ, ಈಗ ರೊಟ್ಟಿಯ ಅಂಚನ್ನೂ ಬಿಡುವುದಿಲ್ಲ.

ನಾನು ಕಲಿಸುವ ಶಾಲೆಗೆ ಸೂಟಿ ಬಿಟ್ಟ ಮೇಲೆ ಹುನಗುಂದದ ಮನೆಯಲ್ಲಿ ನಾವಿಬ್ಬರೇ ಇರಲಾರದೆ ಸುನಂದಕ್ಕನ ಮನೆಗೆ ಬಂದಿದ್ದೇವೆ. ಇಲ್ಲಿ ಮನೆ ತುಂಬ ಮಂದಿ. ಆದರೂ ಎಲ್ಲರೂ ನಕ್ಕಾಗ ನಿನ್ನ ಕಡೆ ತಿರುಗಿ ನೋಡುವ ಚಾಳಿ ನನಗಿನ್ನೂ ಹೋಗಿಲ್ಲ. ತಿರುಗಿದರೆ ಗೋಡೆ ಇರುತ್ತದೆ.

ನಿನ್ನೆ ಅಕ್ಕನ ಮನೆಯವರೆಲ್ಲ ಬೇವೂರಿಗೆ ಮದುವೆಗೆ ಹೋದರು. ನಾನು ನೀಲಾಳನ್ನು ಎತ್ತಿಕೊಂಡು ವಿಜ್ಞಾನ ಕೇಂದ್ರ ನೋಡಲು ಹೋದೆ. ರವಿವಾರ ಬೇರೆ, ಎಲ್ಲಿ ನೋಡಿದರೂ ಗಂಡ, ಹೆಂಡತಿ, ಮಕ್ಕಳು. ಸೈಕಲ್ ತುಳಿಯುವ ಅಸ್ಥಿಪಂಜರಕ್ಕೆ ಇವಳು ಒಂಚೂರೂ ಹೆದರಲಿಲ್ಲ. ಡೊಂಕು ಕನ್ನಡಿಯಲ್ಲಿ ನನ್ನ ಹೊಟ್ಟೆ ಗುಡಾಣದಂತೆ ಉಬ್ಬಿದ್ದನ್ನು ನೋಡಿ ನಕ್ಕಳು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಸೇರಿದ್ದು ಅಂಗಳದ ಸೋರುವ ನಲ್ಲಿ.

ಹೊರಗೆ ತೋಟದ ಎರಡು ತುದಿಗೆ ಎರಡು ದೊಡ್ಡ ದುಂಡು ತಟ್ಟೆ ನಿಲ್ಲಿಸಿದ್ದಾರೆ. ಒಂದರ ಮುಂದೆ ಪಿಸುಗುಟ್ಟಿದರೆ ಅಷ್ಟು ದೂರದ ಇನ್ನೊಂದರಲ್ಲಿ ಕೇಳಿಸುತ್ತದೆ. ಇಬ್ಬರು ಬೇಕಾಗುವ ಆಟ ಅದು. ಮಗುವನ್ನು ಒಂದು ಕಡೆ ಬಿಟ್ಟು ನಾನು ಇನ್ನೊಂದು ಕಡೆ ಹೋಗುವುದು ಹೇಗೆ? ಸುಮ್ಮನೆ ನಿಂತಿದ್ದೆ. ಮೊಮ್ಮಕ್ಕಳನ್ನು ಕರೆತಂದಿದ್ದ ಇಳಕಲ್ಲಿನ ಜಾಫರಸಾಬ ಎಂಬ ಹಿರಿಯರು ನೋಡಿ, "ಹೋಗ್ರಿ, ಕೂಸಿನ್ನ ನಾ ಹಿಡ್ಕೊಂಡಿರ್ತೇನಿ" ಅಂದರು.

ನಾನು ಆ ತುದಿಗೆ ಓಡಿಹೋಗಿ ಮೆಲ್ಲಗೆ "ನೀಲಾ" ಅಂದೆ. ತಟ್ಟೆಯ ಮುಂದೆ ಕಿವಿ ಹಿಡಿದೆ. ಆಮೇಲೆ ನನ್ನ ಕಿವಿಯಲ್ಲೇ ಹೇಳಿದಷ್ಟು ಹತ್ತಿರ ಅವಳ ದನಿ ಬಂತು.

"ಅವ್ವಾ, ಊಟಾತು?"

ನೀನು ಫೋನಿನಲ್ಲಿ ಮೊದಲು ಕೇಳುವ ಮಾತು ಅದು. ಅಲ್ಲಿಯ ನೆಟ್‌ವರ್ಕಿಗೆ ನಿನ್ನ ಮುಖ ಫೋನಿನಲ್ಲಿ ಮೂಡುವುದೇ ಇಲ್ಲ, ಬರುವುದು ದನಿಯೊಂದೇ. ಮುಖವಿಲ್ಲದ ದನಿ ಕೇಳಿದರೆ ಅದು ನೀನೇ ಎಂದು ಅವಳು ತಿಳಿದುಕೊಂಡಿದ್ದಾಳೆ. "ನಾನು ಅಪ್ಪ" ಎನ್ನಲು ನನಗೆ ಬಾಯಿ ಬರಲಿಲ್ಲ. "ಆತು" ಅಂದೆ. ಆಗ ಅವಳು "ಬಾ" ಅಂದಳು.

ತಿರುಗಿ ಬರುವಷ್ಟರಲ್ಲಿ ಅವಳು ತಟ್ಟೆಯ ಹಿಂದೆ ಹೋಗಿ ನಿನ್ನನ್ನು ಹುಡುಕುತ್ತಿದ್ದಳು. ಅಲ್ಲಿ ಕಬ್ಬಿಣದ ಸರಳು, ಒಣ ಹುಲ್ಲು, ಅಷ್ಟೇ. ಮಾತಾಡಿದ್ದು ನಾನೇ ಎಂದರೆ ನನ್ನ ಬಾಯಿಯ ಮೇಲೆ ಕೈ ಇಟ್ಟು, "ಅಲ್ಲ, ಅವ್ವ" ಅಂದಳು. ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದೆ.

ಜಾಫರಸಾಬರು ಕೇಳಿದಾಗ ನಿನ್ನ ವಿಷಯ ಹೇಳಿದೆ. ಅವರು ಮೊಮ್ಮಕ್ಕಳನ್ನು ಆಚೆ ಆಡಲು ಕಳಿಸಿ ನನ್ನ ಪಕ್ಕ ಕುಳಿತರು. "ನಾ ಕುವೈತದಾಗಿದ್ದಾಗ ನನ್ನ ಮಗಳು ದಿನಾ ನನ್ನ ಫೋಟೋಕ್ಕ ಸಲಾಮ್ ಮಾಡ್ತಿದ್ಲರಿ. ಖರೇನ ಮನಿಗೆ ಬಂದಾಗ ನನ್ನ ನೋಡಿ ಒಳಗ ಓಡಿದ್ಲು. ನಿಮಗ ಸೂಟಿ ಐತಿ, ಕರ್ಕೊಂಡು ಹೋಗ್ರಿ."

ನೌಕರಿ ಬಿಡು ಎಂದು ನಾನು ಎಂದೂ ಅನ್ನುವವನಲ್ಲ. ಖಾಕಿ ತೊಟ್ಟ ದಿನದ ನಿನ್ನ ಮುಖ ನೋಡಿದವನು ನಾನು. ಒಂಟಿ ಅನ್ನಿಸುತ್ತದೆ, ಅಷ್ಟನ್ನು ಮಾತ್ರ ನಿನ್ನಲ್ಲಲ್ಲದೆ ಯಾರಲ್ಲಿ ಹೇಳಲಿ.

ನೀನು ಅನ್ನಕ್ಕೆ ಕಲಸಿಕೊಂಡು ಉಣ್ಣಲೆಂದು ಅಕ್ಕ ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ, ನಿನ್ನನ್ನು ಬಹಳ ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಮೈ ಕಡೆ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಚೇತನಕುಮಾರ

ತಾ.ಕ.: ಹಿಂಡಿಯನ್ನು ಅಂಚೆಯಲ್ಲಿ ಕಳಿಸುತ್ತಿಲ್ಲ, ನಾವೇ ತರುತ್ತೇವೆ. ಅಷ್ಟು ದೂರ ಕೂಸಿನ ಜೊತೆ ಬರಬೇಡ ಎಂದು ನೀನು ಹೇಳಿದ್ದು ನೆನಪಿದೆ, ಆದರೂ ಇವತ್ತು ಬೆಳಿಗ್ಗೆ ಅಗರ್ತಲಾದವರೆಗೆ ರೈಲಿನ ಟಿಕೇಟು ತೆಗೆಸಿಬಿಟ್ಟೆ. ಮೇ ತಿಂಗಳ ಮೊದಲ ವಾರ ಬರುತ್ತೇವೆ. ಕ್ಯಾಂಪಿನೊಳಗೆ ಬಿಡದಿದ್ದರೆ ಗೇಟಿನ ಹೊರಗೇ ನಿಂತಿರುತ್ತೇವೆ. ನೀನು ಬಂದು ಮೊದಲು ಏನೂ ಮಾತಾಡಬೇಡ. ಅವಳು ನಿನ್ನ ಮುಖ ನೋಡಲಿ.