ಎಡಗೈಯ ಸಹಿ

ಶನಿವಾರ

ಜಿಲ್ಲಾ ಚುನಾವಣಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡ ಆರ್ಲೊ ಪ್ರೂಯಿಟ್ ಅಂಚೆಯಲ್ಲಿ ಕಳಿಸಿದ ಮತದ ಲಕೋಟೆಯ ಮೇಲಿನ ಸಹಿ ಹಳೆಯ ಸಹಿಗೆ ಹೊಂದುತ್ತಿಲ್ಲವೆಂದು ಗುರುವಾರ ನಿಮ್ಮ ಕಾಗದ ಬಂತು. ಸಹಿ ಅವರದೇ. ಆಗಸ್ಟಿನಲ್ಲಿ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು, ಎಡಗೈಯಲ್ಲಿ ಬರೆದಿದ್ದಾರೆ.

ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ನಮ್ಮ ಅರಿಝೋನಾದಿಂದ ಹೋಗುವ ಈ ಒಂದು ಸ್ಥಾನಕ್ಕೆ ಈಗ ಅಂತರ ಮೂವತ್ತೊಂದೇ ಮತ. ನಲವತ್ತು ವರ್ಷದಿಂದ ಅವರದೊಂದು ಪಕ್ಷ, ನನ್ನದೊಂದು. ಮುಂದಿರುವ ಅಭ್ಯರ್ಥಿ ನನ್ನ ಪಕ್ಷದವಳು. "ಸುಮ್ನಿರಮ್ಮ, ಅಪ್ಪಂಗೆ ಹೇಳ್ಬೇಡ. ಅವ್ರ ಪಕ್ಷಕ್ಕೊಂದು ವೋಟು ಕಮ್ಮಿ ಆಯ್ತು ಅಂದ್ಕೋ," ಎಂದಳು ಮಗಳು ಡಾರ್ಸಿ ಫೋನಿನಲ್ಲಿ. ಎರಡು ದಿನ ಸುಮ್ಮನಿದ್ದೆ.

ಇಂದು ಬೆಳಿಗ್ಗೆ ಓಟ್ಸ್ ಗಂಜಿ ತಿನ್ನಿಸುವಾಗ ಅವರು ಟೀವಿ ನೋಡುತ್ತ ತೊದಲಿದರು: "ವಿಲ್ಮಾ, ನಂದೂ ಎಣಿಸಿದ್ರು ತಾನೇ? ಇಲ್ದಿದ್ರೆ ಅಂತರ ಮೂವತ್ತೆರಡಾಗ್ತಿತ್ತು."

ಚಮಚ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ.

ಅವರು ಬಯ್ಯಲಿಲ್ಲ. "ನಿನ್ ಜಾಗದಲ್ಲಿದ್ರೆ ನಾನು ಆ ಕಾಗದ ಸುಟ್ಟೇ ಹಾಕ್ತಿದ್ದೆ ಕಣೇ," ಎಂದು ನಗಲು ನೋಡಿದರು. ಕಣ್ಣಲ್ಲಿ ನೀರಿತ್ತು.

ಸಹಿ ತಮ್ಮದೇ ಎಂದು ಅವರು ನಿಮ್ಮೆದುರು ಮತ್ತೆ ಬರೆದು ತೋರಿಸಲು ನಾಳೆ, ಭಾನುವಾರ ಸಂಜೆ ಐದಕ್ಕೆ ಗಡುವು. ಅವರನ್ನು ಮೆಟ್ಟಿಲಿಳಿಸಿ ನಿಮ್ಮ ಕಚೇರಿಗೆ ಕರೆತರುವುದು ನನ್ನಿಂದಾಗದು. ಅದಕ್ಕೇ ಈ ಪತ್ರವನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಅಷ್ಟರೊಳಗೆ ಯಾರನ್ನಾದರೂ ಮನೆಗೆ ಕಳಿಸಿ. ಸಹಿಗೆ ಹೊತ್ತು ಹಿಡಿಯುತ್ತದೆ, ಅವಸರಪಡಿಸಬೇಡಿ. ನಾನು ಕೈ ಹಾಕಿದೆನೆಂದು ಯಾರೂ ಅನ್ನಬಾರದು, ಅವರು ಬರೆದು ಮುಗಿಸುವವರೆಗೆ ನಾನು ಅಂಗಳದಲ್ಲಿ ನಿಂತಿರುತ್ತೇನೆ.

ನಿಮ್ಮವರ ದಾರಿ ಕಾಯುತ್ತ,
ವಿಲ್ಮಾ ಪ್ರೂಯಿಟ್