ಕಾಯಿಸಿದ ದ್ರಾಕ್ಷಿರಸ

ಕುಲಗೋಡ
ಮಾರ್ಚ್ ೧೯೪೮

ಯಮಕನಮರಡಿಯ ಅವ್ವನ ಪಾದಕ್ಕೆ ಮಗಳು ಶಿವವ್ವನ ಶರಣಾರ್ಥಿ. ಕಾಗದ ಓದಿ ಹೇಳುವ ತಮ್ಮ ರಾಚಪ್ಪ, ನಡುವೆ ನಗಬೇಡಪ್ಪಾ. ನಿನ್ನ ಅಕ್ಕ ನಗುವ ಸ್ಥಿತಿಯಲ್ಲಿಲ್ಲ.

ಅವ್ವಾ, ನಿನ್ನ ಅಳಿಯ ಲಡಾಯಿಯಿಂದ ಬಂದು ಮೂರು ವರ್ಷವಾದರೂ ಒಳಗೆ ಮಲಗಿಲ್ಲವೆಂದು ನಿನಗೆ ಗೊತ್ತೇ ಇದೆ. ನಾನು ದಿನಾ ಒಳಗೆ ಕೌದಿ ಹಾಸುತ್ತೇನೆ, ಇವರು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಕರೆದರೆ, ಇನ್ನೂ ಮನಿ ಮುಟ್ಟಿಲ್ಲ ಅನ್ನಿಸ್ತೈತಿ ಅನ್ನುತ್ತಾರೆ. ಇದಕ್ಕೆ ಏನು ಹೇಳಲಿ ಅವ್ವಾ?

ಇಟಲಿಯಲ್ಲಿ ವೈರಿಗಳ ಜೇಲಿನಿಂದ ತಪ್ಪಿಸಿಕೊಂಡಾಗ ಒಬ್ಬ ಮುದುಕಿ ಇವರನ್ನು ತನ್ನ ದ್ರಾಕ್ಷಿತೋಟದಲ್ಲಿ ಬಚ್ಚಿಟ್ಟು ಕಾಪಾಡಿದಳಂತೆ. ಹೊರಡುವಾಗ ನಾಲ್ಕು ಬಳ್ಳಿಕಡ್ಡಿ ಒದ್ದೆ ಅರಿವೆಯಲ್ಲಿ ಸುತ್ತಿ ಕೊಟ್ಟು, ನಿಮ್ಮೂರಲ್ಲಿ ಹಣ್ಣು ಬಿಟ್ಟಾಗ ವೈನ್ ಮಾಡಿ ಒಂದು ಬಟ್ಟಲು ಕುಡಿ, ಅಂದು ನೀನು ಮನೆ ಮುಟ್ಟಿದ ಹಾಗೆ ಅಂದಳಂತೆ.

ಒಂದೊಂದು ದ್ರಾಕ್ಷಿಗೆ ಒಂದೊಂದು ನೆಲ, ಫ್ರಾನ್ಸಿನದಕ್ಕೆ ಸುಣ್ಣದ ಮಣ್ಣು, ಮುದುಕಿಯದಕ್ಕೆ ಕಲ್ಲುಗುಡ್ಡ ಅನ್ನುತ್ತಾ ಇವರು ಎರೆಹೊಲ ಬಿಟ್ಟು ಹಿತ್ತಲ ಗರಸುಕಲ್ಲಿನ ದಿಣ್ಣೆಯಲ್ಲಿ ಕಡ್ಡಿ ಹಚ್ಚಿದರು. ನೀರು ಹಾಕಹೋದರೆ ನನ್ನನ್ನೇ ಬೈದರು. ಮೂರು ಒಣಗಿದವು. ಒಂದು ಬದುಕಿ ಈ ವರ್ಷ ಕಪ್ಪು ಗೊಂಚಲು ಬಿಟ್ಟಿತು. ಕೊರಳಾಗ ಲಿಂಗ ಕಟಗೊಂಡು ಮನ್ಯಾಗ ಹೆಂಡ ಮಾಡ್ತೀಯೇನೋ ಅಂತ ನಮ್ಮತ್ತಿ ಒದರಾಡಿದರು. ಇವರು ಹಣ್ಣು ಹಿಚುಕಿ, ಮಣ್ಣಿನ ಹರವಿಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿ, ಯಾರೂ ಮುಟ್ಟಬ್ಯಾಡ್ರಿ ಎಂದು ಹೇಳಿ ಶೀಸೆ ತರಲು ಗೋಕಾಕಕ್ಕೆ ಹೋದರು. ಹೋಗುವಾಗ ನಗುತ್ತಿದ್ದರು ಅವ್ವಾ! ಮದುವೆಯಾದ ಹೊಸದರಲ್ಲಿ ನಗುತ್ತಿದ್ದರಲ್ಲ, ಹಾಗೆ.

ಅಲ್ಲೇ ಎರಡು ದಿನ ಉಳಿದರು. ಇಲ್ಲಿ ರಸ ಬುಸುಗುಟ್ಟತೊಡಗಿತು, ಅರಿವೆ ಉಬ್ಬಿ ನೊರೆ ಚೆಲ್ಲಿತು. ನಾನು ಕಬ್ಬಿನ ಗಾಣದ ಮನೆಯಲ್ಲಿ ಬೆಳೆದವಳು. ನೊರಿ ಬಂದ್ರ ರಸ ಕೆಟ್ಟತು, ಲಗೂನ ಒಲಿಗೆ ಏರಸ್ರಿ ಅಂತ ಅಪ್ಪ ಕೂಗುತ್ತಿದ್ದದ್ದು ಮರೆತೇನೇ? ಇವರ ಇಷ್ಟು ವರ್ಷದ ಆಸೆ ಹುಳಿತು ಹೋಗುತ್ತದಲ್ಲಾ ಎಂದು ಎದೆ ಒಡೆದುಹೋಯಿತು. ಕೊಪ್ಪರಿಗೆಗೆ ಸುರಿದು, ಬೆಲ್ಲಕ್ಕೆ ಹಾಕುವಂತೆ ಸುಣ್ಣದ ತಿಳಿನೀರು ಹಾಕಿ, ಮೇಲಿನ ಕಸ ತೆಗೆದು, ಪಾಕ ಬರುವವರೆಗೆ ಕಾಯಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂತ ಹಿಗ್ಗಿದೆ ಕೂಡ, ಹುಚ್ಚಿ!

ಇವರು ಬಂದವರೇ ಪಾಕಕ್ಕೆ ಬೆರಳು ಅದ್ದಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ನೊರಿ ಬಂದಾಗಲೇ ಅದು ವೈನ್ ಆಗಾಕ ಹತ್ತಿತ್ತು, ಅದಕ್ಕ ಜೀವಾ ಬಂದಿತ್ತು ಅಂದರು, ಅಷ್ಟೇ. ಮತ್ತೆ ಕಟ್ಟೆಗೆ ಹೋಗಿ ಕೂತರು. ಕಾಲು ಹಿಡಿದೆ, ಮುಂದಿನ ವರ್ಷ ಮತ್ತ ಹಣ್ಣ ಬರ್ತಾವಲ್ರಿ ಅಂದೆ. ನಮ್ಮತ್ತಿ ಮಾತ್ರ ಪಾಕವನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದು, ಛಲೋ ಆಗೇತಿ ಅಂದರು.

ನಮ್ಮ ಮದುವೆ ಮಾಡಿಸಿದ ಅಣ್ಣಪ್ಪ ಕಾಕಾನನ್ನು ಕಳಿಸು. ಅವನು ಕರೆದರೆ ಇವರು ತಲೆಯಾದರೂ ಎತ್ತುತ್ತಾರೆ.

ದಾರಿ ನೋಡುತ್ತಿರುವ ನಿನ್ನ ಮಗಳು,
ಶಿವವ್ವ

ತಾ.ಕ. ಕಾಗದ ಮಡಚುವಷ್ಟರಲ್ಲಿ ಇವರು ಬಳ್ಳಿಯಿಂದ ನಾಲ್ಕು ಕಡ್ಡಿ ಕೊಯ್ದು ತಂದರು. ಎಲ್ಲಿಗ್ರಿ ಅಂತ ಕೇಳಿದೆ, ಮನಿ ಹುಡುಕಾಕ ಅಂದರು. ಒದ್ದೆ ಅರಿವೆಯಲ್ಲಿ ಸುತ್ತುತ್ತಿದ್ದಾರೆ. ಯಾವ ಅರಿವೆ ಅಂತ ಈಗ ನೋಡಿದೆ ಅವ್ವಾ. ನಾನು ದಿನಾ ಒಳಗೆ ಹಾಸುವ ಕೌದಿಯನ್ನು ಹರಿದಿದ್ದಾರೆ.