ಕೊನೆಯ ಪುಟವಿಲ್ಲದ ಪುಸ್ತಕಗಳ ಪರವಾಗಿ

ಗ್ರಂಥಾಲಯಗಳ ಮೇಲಧಿಕಾರಿಗಳೇ,

ಮಕ್ಕಳ ವಿಭಾಗದಲ್ಲಿ ಪುಟ ಕಳೆದುಕೊಂಡ ಪುಸ್ತಕಗಳನ್ನೆಲ್ಲ ಸೋಮವಾರ ಲಾರಿಗೆ ತುಂಬಿ ರದ್ದಿಗೆ ಕಳಿಸಬೇಕೆಂಬ ತಮ್ಮ ಆದೇಶ ನಮ್ಮ ಬೀದಿಯ ಗ್ರಂಥಾಲಯದ ಬಾಗಿಲಿಗೆ ಅಂಟಿದೆ. 'ಅಪೂರ್ಣ ಪುಸ್ತಕ ಓದುಗರಿಗೆ ನಿರುಪಯುಕ್ತ' ಎಂಬ ವಾಕ್ಯವನ್ನು ನಿಂತು ಎರಡು ಸಲ ಓದಿದೆ. ವಾಕ್ಯವೇನೋ ಪೂರ್ಣವಾಗಿಯೇ ಇತ್ತು. ಉಪಯೋಗ ಮಾತ್ರ ಕಾಣಲಿಲ್ಲ.

ನಾನು ಮಕ್ಕಳಿಗೆ ಕಥೆ, ಪದ್ಯ ಬರೆದು ಬದುಕುವವನು. ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಬೆಳೆದದ್ದು ಅದೇ ಗ್ರಂಥಾಲಯದ ಅಲಮಾರಿನ ಮುಂದೆ. ಆಗ ಅಲ್ಲಿದ್ದ ಲೈಬ್ರರಿಯಮ್ಮನದೊಂದು ಕಟ್ಟಳೆ: ಕೊನೆ ಹರಿದ ಪುಸ್ತಕ ಒಯ್ದವರು ಹಿಂತಿರುಗಿಸುವಾಗ ಕೊನೆಯನ್ನು ತಾವೇ ಕಟ್ಟಿ ಹೇಳಬೇಕು. ಹೇಳದಿದ್ದರೆ ಇನ್ನೊಂದು ಪುಸ್ತಕವಿಲ್ಲ. ನಮ್ಮಕ್ಕ ಪ್ರತಿ ಕಥೆಯಲ್ಲೂ ಎಲ್ಲರನ್ನೂ ಸಾಯಿಸುತ್ತಿದ್ದಳು. ಈಗವಳು ಡಾಕ್ಟರು. ನಾನು ಎಲ್ಲರಿಗೂ ಮದುವೆ ಮಾಡಿಸುತ್ತಿದ್ದೆ, ಹುಲಿಗೂ.

"ಹುಲಿಗೆ ಹೆಣ್ಣು ಕೊಟ್ಟೋರು ಯಾರೋ?" ಎಂದು ಲೈಬ್ರರಿಯಮ್ಮ ಕನ್ನಡಕದ ಮೇಲಿಂದ ನೋಡಿದರು.

"ಪಕ್ಕದ ಕಾಡಿನೋರು."

"ಒಪ್ಪಿದ್ರಾ?"

"ಒಪ್ಪದಿದ್ರೆ ತಿಂದ್ಬಿಡ್ತಿತ್ತಲ್ಲ!"

"ಹಾಗಾದ್ರೆ ಸಂಬಂಧ ಗಟ್ಟಿ. ತಗೋ ಇನ್ನೊಂದು."

ಕೊನೆಯಿದ್ದ ಪುಸ್ತಕಗಳನ್ನು ಓದಿ ಮುಚ್ಚಿಟ್ಟೆ. ಕೊನೆಯಿಲ್ಲದವು ಕಣ್ಣು ಮುಚ್ಚಿದ ಮೇಲೂ ಬಿಚ್ಚಿಕೊಳ್ಳುತ್ತಿದ್ದವು. ಪುಟ ಹರಿದಷ್ಟೂ ಹಟ ಬೆಳೆಯಿತು, ಸ್ವಾಮಿ. ಇವತ್ತು ನಾಲ್ಕು ಸಾಲು ಬರೆಯುತ್ತಿದ್ದರೆ ಅದು ಆ ಹಟದ ಫಲ.

ಇಷ್ಟಕ್ಕೂ ಅಪೂರ್ಣವಾದದ್ದೆಲ್ಲ ರದ್ದಿಯಾದರೆ ತಮ್ಮ ಕಚೇರಿಯ ಕಡತಗಳ ಗತಿಯೇನು? ಗ್ರಂಥಾಲಯದ ಸೂರು ದುರಸ್ತಿಗೆ ನಾವು ಕೊಟ್ಟ ಅರ್ಜಿ ಈಗ ಯಾವ ಅಧ್ಯಾಯದಲ್ಲಿದೆ? ಪುಸ್ತಕಗಳ ಪುಟ ಉದುರಿಸಿದ್ದು ಮಕ್ಕಳ ಕೈಯೋ, ಸೋರುವ ತಮ್ಮ ಸೂರೋ?

ಮೊನ್ನೆ ನನ್ನ ಮಗಳು, ಕಡಲು ಹುಡುಕಿ ಹೊರಟ ಆಮೆಯ ಪುಸ್ತಕವನ್ನು ಎತ್ತಿಕೊಂಡಳು. ಆಮೆ ಅರ್ಧ ದಾರಿಯಲ್ಲಿರುವಾಗಲೇ ಪುಟಗಳು ಮುಗಿದಿದ್ದವು.

"ಬೇಡಮ್ಮಾ, ಅದು ಲಾರಿಗೆ ಹೋಗೋದು," ಎಂದರು ಗುಮಾಸ್ತರು.

"ಲಾರೀಲಿ ಹೋದ್ರೆ ಆಮೆ ಬೇಗ ತಲುಪುತ್ತಾ ಅಂಕಲ್?"

ಅವರು ನನ್ನ ಮುಖ ನೋಡಿದರು, ನಾನು ತಮ್ಮ ಆದೇಶ ನೋಡಿದೆ. ಆಮೆಗಳ ಪ್ರಯಾಣದ ಬಗ್ಗೆ ಅದರಲ್ಲಿ ಯಾವ ಕಲಮೂ ಇರಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಆದೇಶ ಹಿಂಪಡೆಯಿರಿ, ಸೂರು ಸರಿಮಾಡಿಸಿ. ಅದು ತಮ್ಮಿಂದಾಗದಿದ್ದರೆ ಲಾರಿಯನ್ನು ನೇರ ನಮ್ಮ ಮನೆಗೆ ಕಳಿಸಿ. ನಮ್ಮ ಬೀದಿಯ ಮಕ್ಕಳು ಅಲ್ಲೇ ಬಂದು ಓದಲಿ. ನನ್ನಾಕೆ ಆಗಲೇ ಬೀರು ಖಾಲಿ ಮಾಡಿದ್ದಾಳೆ. ತನ್ನ ಬಟ್ಟೆಗಳನ್ನಲ್ಲ, ನನ್ನವನ್ನು.

ಇಂತಿ,
ತಮ್ಮ ತೀರ್ಮಾನ ಬರುವ ತನಕ ಅಂಗಿಗಳನ್ನು ಕುರ್ಚಿಯ ಮೇಲೆ ಪೇರಿಸಿಕೊಂಡು, ತಾನು ನಿಂತೇ ಇರುವ
ಒಬ್ಬ ಹಳೆಯ ಓದುಗ